ಹೆದ್ದಾರಿಯಿಂದ ದಿಬ್ಬಣ ಇಳಿಸಿದ ಹಾಜಿ ಬಯೂಮಿ

ಎಂಥ ಜಗಳವನ್ನೇ ಆಗಲಿ ಒಂದೇ ಮಾತಿನಲ್ಲಿ ನಿಲ್ಲಿಸಿಬಿಡುವ ಶಕ್ತಿ ಹಾಜಿ ಬಯೂಮಿಯವರಿಗಿತ್ತು. ಕೊಳಾಯಿಯ ಮುಂದೆ ಹೆಂಗಸರು ಜುಟ್ಟು ಹಿಡಿದಿರಲಿ, ವ್ಯಾನಿನ ಚಾಲಕರು ತೋಳೇರಿಸಿರಲಿ, ಈ ಮನುಷ್ಯ ನಡುವೆ ನುಗ್ಗಿ, "ಮೊದ್ಲು ಪ್ರವಾದಿಗೆ ಸಲಾಮು ಹೇಳ್ರಪ್ಪಾ!" ಎನ್ನುವರು. ಹೇಳದಿರುವ ಧೈರ್ಯ ಕೈರೋದಲ್ಲಿ ಯಾರಿಗಿದೆ? ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಕೋಪ ಇಳಿದಿರುತ್ತಿತ್ತು. ಉಳಿದರ್ಧವನ್ನು ಅವರ ಕೋಟು ಇಳಿಸುತ್ತಿತ್ತು. ಕೆಂಡದಂಥ ಬೇಸಿಗೆಯಲ್ಲೂ ನಿಲುವಂಗಿಯ ಮೇಲೆ ಕಂದು ಉಣ್ಣೆಯ ಕೋಟು! "ಬೆವರು ಒಳಗಿದ್ರೆ ತಂಪು, ಮೇಷ್ಟ್ರೇ" ಎಂದು ನನಗೆ ವಿವರಿಸುತ್ತಿದ್ದರು. ನಾನು ಶಾಲೆಯಲ್ಲಿ ಕಲಿಸುತ್ತಿದ್ದ ವಿಜ್ಞಾನ ಬೇರೆಯದು.

ನಡೆಯುವುದೂ ಓಣಿಯ ನಟ್ಟನಡುವೆಯೇ. ಎದುರಿಗೆ ಲಾರಿ ಬಂದರೆ ಲಾರಿಯೇ ನಿಲ್ಲಬೇಕು. ಅದಕ್ಕೆ ಅವರಿಗೆ ಹಕ್ಕೂ ಇತ್ತೆನ್ನಿ. ಕೈರೋದ ಅಂಚಿನ ನಮ್ಮ ಕಫರ್ ನಖ್ಲಾ ಬರೀ ಮೇವಿನ ಹೊಲವಾಗಿದ್ದಾಗ ಅಲ್ಲಿ ಮೊದಲು ಮನೆ ಕಟ್ಟಿದವರು ಅವರು, ಇಟ್ಟಿಗೆಯ ವ್ಯಾಪಾರಿ. ಆಮೇಲೆ ಊರು ಬೆಳೆದ ಬಗೆಯನ್ನು ಯಾವ ಶಾಸ್ತ್ರಕಾರನೂ ವಿಧಿಸಿದ್ದಲ್ಲ: ಒಬ್ಬ ಮಗನ ಮದುವೆಗೆ ಒಂದು ಅಂತಸ್ತು, ಇನ್ನೊಬ್ಬನ ಮದುವೆಗೆ ಇನ್ನೊಂದು, ಹೀಗೆ ಗಾರೆ ಕಾಣದ ಕೆಂಪು ಗೋಡೆಗಳು ಆಕಾಶಕ್ಕೇರುತ್ತ, ಓಣಿಗಳು ಕಿರಿದಾಗುತ್ತ, ಲಕ್ಷಾಂತರ ಜನರ ವಸತಿಯೊಂದು ನಿರ್ಮಾಣವಾಯಿತು. ನಡುವೆ ಸರ್ಕಾರ ಮಣ್ಣಿನ ಏರಿ ಹಾಕಿ, ನಗರವನ್ನು ಸುತ್ತುವ ಹೆದ್ದಾರಿಯನ್ನು ನಮ್ಮ ಮೂರನೆಯ ಅಂತಸ್ತಿನ ಕಿಟಕಿಗಳ ಮಗ್ಗುಲಲ್ಲೇ ಒಯ್ದಿತು. ನಮ್ಮೂರಿಗೆ ಇಳಿಯುವ ದಾರಿಯನ್ನು ಮಾತ್ರ ಇಡಲಿಲ್ಲ.

ಅವರ ಹೆಂಡತಿ ಸನಿಯ್ಯಾಗೆ ಎದೆನೋವು ಬಂದ ಮಧ್ಯಾಹ್ನ ಆಂಬುಲೆನ್ಸ್ ಆ ಹೆದ್ದಾರಿಯ ಮೇಲೆ ಬಂದು ನಿಂತದ್ದನ್ನು ನಾವೆಲ್ಲ ಕಿಟಕಿಯಿಂದ ಕಂಡೆವು. ಕಂಬಳಿಯಲ್ಲಿ ಹೊತ್ತು, ಜಾರುತ್ತ, ಏರಿ ಹತ್ತಿಸಿದೆವು. ಮೇಲೆ ಮುಟ್ಟುವಷ್ಟರಲ್ಲಿ ಆಕೆಯ ಜೀವ ಹೋಗಿತ್ತು. ಹಾಜಿಯವರು ಅಂದು ಅಳಲಿಲ್ಲ. ನಲವತ್ತು ದಿನದ ಶೋಕ ಕಳೆದ ಮೇಲೆ, ಇಳಿಯುವ ದಾರಿ ಕೇಳಲು ನನ್ನನ್ನು ಕರೆದುಕೊಂಡು ಹೆದ್ದಾರಿ ಕಚೇರಿಗೆ ಹೋದರು.

"ನಕ್ಷೆಯಲ್ಲಿ ಅಲ್ಲಿ ಹೊಲ ಇದೆ, ಜನ ಇಲ್ಲ" ಎಂದ ಅಧಿಕಾರಿ.

"ಸರಿ ಬಿಡಿ. ಹೊಲದವ್ರು ತಮ್ಮ ಹೊಲಕ್ಕೆ ಮಣ್ಣು ಹಾಕ್ಕೊಂಡ್ರೆ ನಿಮಗೇನು?" ಎಂದು ಕೋಟು ಕೊಡವಿ ಎದ್ದರು.

ಮೊಮ್ಮಗಳು ರಿಹಾಬಳ ಮದುವೆ ನಿಶ್ಚಯವಾಗಿತ್ತು. ಅವಳ ಕಾರು ಹೆದ್ದಾರಿಯಿಂದ ನೇರ ಮನೆ ಬಾಗಿಲಿಗೆ ಇಳಿಯಬೇಕು ಎಂದು ಹಾಜಿಯವರು ಹಟ ಹಿಡಿದರು. ಕೈರೋದಲ್ಲಿ ಮದುವೆಯ ಚಪ್ಪರ ಹಾಕಿ ಬೀದಿಯನ್ನೇ ಮುಚ್ಚಿದರೂ ಯಾರೂ ತುಟಿ ಬಿಚ್ಚುವುದಿಲ್ಲ. ಏರಿಯ ಬುಡದಲ್ಲಿ ಕೆಂಪು ನೀಲಿ ಚಿತ್ತಾರದ ಬಟ್ಟೆಯ ಚಪ್ಪರ ಎದ್ದಿತು. ಅದರ ಮರೆಯಲ್ಲಿ, ಇಳಿಜಾರು ಕಟ್ಟಲು, ಇಡೀ ಊರು ಮಣ್ಣು ಹೊತ್ತಿತು. ದಿನಕ್ಕೊಂದು ಪಾಯ ಅಗೆಯುವ ಊರಿಗೆ ಮಣ್ಣಿನ ಬರವೇ? ಇಪ್ಪತ್ತು ವರ್ಷ ಸೀಮೆಸುಣ್ಣ ಬಿಟ್ಟು ಬೇರೇನನ್ನೂ ಎತ್ತದ ನಾನೂ ಬುಟ್ಟಿ ಹೊತ್ತೆ.

ಪೊಲೀಸ್ ಅಧಿಕಾರಿಯೊಬ್ಬ ಬಂದೇ ಬಂದ. ಹುಡುಗರು ಸಲಿಕೆ ಎತ್ತಿ ನಿಂತರು; ಅವನ ಕಡೆಯವರು ಲಾಠಿ ಎತ್ತಿದರು. "ಪ್ರವಾದಿಗೆ ಸಲಾಮು ಹೇಳ್ರಪ್ಪಾ!" ಎಂದು ಹಾಜಿ ಗುಡುಗಿದರು. ಎರಡೂ ಕಡೆಯವರು ಹೇಳಿದರು. ಅಷ್ಟರಲ್ಲಿ ಅಧಿಕಾರಿಯ ಕೈಗೆ ಗುಲಾಬಿ ಶರಬತ್ತು ಬಂದಿತ್ತು.

"ಏನು ಹಾಜಿ ಈ ಮಣ್ಣು?"

"ಮದುಮಕ್ಕಳು ಕೂರೋ ವೇದಿಕೆ, ಸಾಹೇಬ್ರೇ."

"ಇಷ್ಟು ಉದ್ದಾನಾ?"

"ನಮ್ದು ದೊಡ್ಡ ಕುಟುಂಬ."

"ಮದುವೆ ಯಾವತ್ತು?"

"ಮಣ್ಣು ಗಟ್ಟಿಯಾದ್ಮೇಲೆ" ಎಂದುಬಿಟ್ಟರು ಹಾಜಿ! ಎಲ್ಲ ಕೆಟ್ಟಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅಧಿಕಾರಿ ಏರಿಯನ್ನು ನೋಡಿದ, ಮನೆಗಳ ಆ ಕೆಂಪು ಸಾಗರವನ್ನು ನೋಡಿದ. "ಮೇಲೆ ಹೆದ್ದಾರಿಯಂಚಿನ ತಡೆಗಂಬಿ ಮುರಿದ ದಿನ ನಾನು ಬರಲೇಬೇಕಾಗುತ್ತೆ" ಎಂದ.

"ಬರ್ದೆ ಇದ್ರೆ ಬಿಡ್ತೀವಾ? ಊಟಕ್ಕೇ ಬನ್ನಿ."

ಮದುವೆಯ ದಿನ, ಗುರುವಾರ ಸಂಜೆ, ತಡೆಗಂಬಿ ಉರುಳಿತು. ಅಧಿಕಾರಿ ಮಾತಿಗೆ ತಪ್ಪದೆ ಬಂದ. ಹೆದ್ದಾರಿಯ ನಡುವೆ ನಿಂತು, ಕೈಯೆತ್ತಿ, ಭೋರಿಡುವ ಲಾರಿಗಳನ್ನೆಲ್ಲ ತಡೆದ! ಹೂ ಮುಡಿದ ಕಾರು ಮೆಲ್ಲನೆ ತಿರುಗಿ ನಮ್ಮ ಮಣ್ಣಿನ ಮೇಲೆ ಇಳಿಯತೊಡಗಿತು. ಹಿಂದೆ ಹಾರ್ನು ಬಾರಿಸುತ್ತ ಹತ್ತಾರು ವ್ಯಾನುಗಳು. ಮಹಡಿ ಮಹಡಿಗಳಿಂದ ಹೆಂಗಸರ ಹರ್ಷದ ಉಲಿ, ದೃಷ್ಟಿ ತಾಗದಿರಲೆಂದು ಚೆಲ್ಲಿದ ಉಪ್ಪು. ಹಾಜಿಯವರು ಮದುಮಗಳತ್ತ ಹೋಗಲಿಲ್ಲ. ಇಳಿಜಾರಿನ ಅಂಚಿನಲ್ಲಿ ಕುಳಿತು, ಮಣ್ಣನ್ನು ಅಂಗೈಯಿಂದ ತಟ್ಟುತ್ತ, "ಗಟ್ಟಿಯಾಗಿದೆ ಕಣೇ ಸನಿಯ್ಯಾ, ಗಟ್ಟಿಯಾಗಿದೆ" ಎನ್ನುತ್ತ ಮಗುವಿನಂತೆ ಅತ್ತರು. ನಾನೂ ಅತ್ತೆ. ಅಷ್ಟು ಹೆಮ್ಮೆ ನನಗೆ ಬದುಕಿನಲ್ಲಿ ಮತ್ತೆಂದೂ ಆಗಿಲ್ಲ.

ಮಹಾನಗರಗಳಲ್ಲಿ ಜನ ಮಿತಿಮೀರಿ ಹೆಚ್ಚಿದರೆಂದು ಪಂಡಿತರು ಗೋಳಿಡುವುದನ್ನು ಓದುವಾಗಲೆಲ್ಲ ನನಗೆ ನಗು ಬರುತ್ತದೆ. ಹೆಚ್ಚಿದವರು ಬಯೂಮಿಯಂಥವರೇ ಅಲ್ಲವೇ? ಕರೆಯದೆ ಬಂದು, ನಕ್ಷೆ ಕೊಡದ ಜಾಗದಲ್ಲಿ ನೆಲೆಯೂರಿ, ತಾವು ಕಳೆದುಕೊಂಡದ್ದು ಇನ್ನೊಬ್ಬರಿಗೆ ತಪ್ಪದಿರಲೆಂದು ಹೆಗಲು ಕೊಡುವವರು. ಇಂಥವರು ಇನ್ನಷ್ಟು ಹೆಚ್ಚಲಿ.