ಅಂಚಿನವರೆಗೂ ಚಹಾ

“ಗೇಟಿನ ಮುಂದೆ ಗುಡಿಸಿ ನೀರು ಹಾಕಿದಾರೆ. ಅದ್ರಿಂದ ಏನ್ ತಿಳ್ಕೊಂಡೆ, ಹೇಳು.”

ಹೊಸಿಯತ್ ಖೋಲಾ ಇದನ್ನು ಕೇಳಿದ್ದು ತುಟಿ ಅಲ್ಲಾಡಿಸದೆ, ಮುಖದ ಮೇಲಿನ ನಗು ಹಾಗೇ ಇಟ್ಟುಕೊಂಡು. ಹೆಣ್ಣು ಕೇಳಲು ಬಂದವರು ಬೀದಿಯಲ್ಲಿ ನಿಂತು ಲೆಕ್ಕಾಚಾರ ಹಾಕುವುದನ್ನು ನೆರೆಯವರು ಕಂಡರೆ ಮರ್ಯಾದೆ ಏನಾಗಬೇಕು? ಸೊಸೆ ಮುನಿಸಾ ತಲೆವಸ್ತ್ರ ಸರಿಮಾಡಿಕೊಳ್ಳುವ ನೆಪದಲ್ಲಿ ನೆಲ ನೋಡಿದಳು.

“ನಾವು ಬರೋದು ಅವ್ರಿಗೆ ಗೊತ್ತು.”

“ಅದು ಈ ಬೀದಿ ಬೆಕ್ಕಿಗೂ ಗೊತ್ತು. ಮುಂದೆ?”

“ಪಕ್ಕದ ಮನೆ ಗೇಟಿನ ತನಕ ಗುಡಿಸಿದಾರೆ. ಅಂದ್ರೆ ನೆರೆಯವರ ಜೊತೆ ಚೆನ್ನಾಗಿದಾರೆ. ಪೊರಕೆ ಗೀರು ಒಂದೇ ಸಮ ಇದೆ. ಗುಡಿಸಿದೋಳು ಸೋಮಾರಿ ಅಲ್ಲ.” ಮುನಿಸಾ ಒಂದು ಕ್ಷಣ ತಡೆದಳು. “ಆದ್ರೆ ಅಲ್ಲಲ್ಲಿ ಹಿಪ್ಪುನೇರಳೆ ಎಲೆ ಹಾಗೇ ಬಿದ್ದಿವೆ.”

“ಹಾಂ! ಅದು ನೋಡ್ದೆ ತಾನೆ? ಕೈ ಗುಡಿಸಿದೆ, ಮನಸ್ಸು ಗುಡಿಸಿಲ್ಲ. ನೆನಪಿಟ್ಕೋ.”

ಮರ್ಗಿಲಾನ್ ಪಟ್ಟಣದ ಆ ಮೊಹಲ್ಲಾದಲ್ಲಿ, ಎಲ್ಲರೂ ಖೋಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹೊಸಿಯತ್ ಹೋಗಿ ನೋಡಿ ಬರದೆ ಒಂದು ಮದುವೆಯೂ ಕೂಡುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಬಜಾರಿನಲ್ಲಿ ಕಸೂತಿ ಟೋಪಿ ಮಾರಿ ಎರಡು ಗಂಡುಮಕ್ಕಳನ್ನು ಸಾಕಿದ ಹೆಂಗಸು. ಗಿರಾಕಿ ಟೋಪಿಯನ್ನು ಎತ್ತಿ ಹಿಡಿಯುವ ರೀತಿಯಲ್ಲೇ ಅವನು ಕೊಳ್ಳುವವನೋ, ಸುಮ್ಮನೆ ಕೈಯಾಡಿಸಿ ಹೋಗುವವನೋ ಎಂದು ಹೇಳಿಬಿಡುತ್ತಿದ್ದಳಂತೆ. ಈಗ ಟೋಪಿ ಇಲ್ಲ, ಆದರೆ ಆ ಕಣ್ಣು ಹಾಗೇ ಉಳಿದಿದೆ. ಮುನಿಸಾ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳಿಗೆ ಹೇಳಿಕೊಟ್ಟದ್ದು ಅಡುಗೆಯಲ್ಲ. “ಬಾಯಿ ಹೇಳೋದನ್ನ ಕೊನೇಲಿ ಕೇಳು. ಮೊದ್ಲು ಕಾಲು ನೋಡು, ಆಮೇಲೆ ಕೈ, ಆಮೇಲೆ ಕಣ್ಣು. ಬಾಯಿ ಯಾವಾಗ್ಲೂ ಹಬ್ಬದ ಬಟ್ಟೆ ಹಾಕ್ಕೊಂಡೇ ಇರುತ್ತೆ.”

ಮುನಿಸಾ ಈ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ ಅತ್ತೆಗೇ ಗೊತ್ತಾಗದ ಒಂದು ಸಂಗತಿ ಅವಳಿಗೆ ಗೊತ್ತಾಗಿತ್ತು. ಇಂದು ಇವರು ಹೆಣ್ಣು ಕೇಳಲು ಬಂದಿರುವುದು ಅತ್ತೆಯ ಚಿಕ್ಕ ಮಗ ಬಹ್ರೋಮ್‌ಗೆ. ಮಹಾ ಮುಂಗೋಪಿ, ಇದುವರೆಗೆ ತೋರಿಸಿದ ಹುಡುಗಿಯರನ್ನೆಲ್ಲ ಬೇಡ ಬೇಡ ಎಂದಿದ್ದ. ಒಂದು ದಿನ ಅವನ ಕೋಣೆ ಒರೆಸುವಾಗ ಕಪಾಟಿನಲ್ಲಿ ಕೆಮ್ಮಿನ ಔಷಧಿಯ ಬಾಟಲಿಗಳ ಒಂದು ಸಾಲೇ ಕಂಡಿತು. ಒಂದರ ಮುಚ್ಚಳವೂ ತೆಗೆದಿರಲಿಲ್ಲ. ಕೆಮ್ಮಿಲ್ಲದವನಿಗೆ ಅಷ್ಟೊಂದು ಔಷಧಿ ಯಾಕೆ? ಅವನಿಗೆ ಬೇಕಾದದ್ದು ಔಷಧಿಯಲ್ಲ, ಅಂಗಡಿಯಲ್ಲಿ ಅದನ್ನು ಕೊಡುವವಳು. ಮುನಿಸಾ ಮೈದುನನನ್ನು ಹಿಡಿದು ಕೇಳಿದಾಗ ಅವನ ಕಿವಿ ಕೆಂಪಾಯಿತು. “ಅತ್ತಿಗೆ, ಅವಳು ನಗೋದು ಕೇಳ್ಬೇಕು ನೀವು. ಅಮ್ಮಂಗೆ ಮಾತ್ರ ಹೇಳ್ಬೇಡಿ. ನಾನೇ ಹುಡುಕಿದೆ ಅಂದ್ರೆ ಅಮ್ಮ ಗೇಟಲ್ಲೇ ತಪ್ಪು ಕಂಡುಹಿಡೀತಾಳೆ. ಈ ಹುಡುಗಿ ಬಿಟ್ರೆ ನಂಗೆ ಮದುವೇನೇ ಬೇಡ.” ಆಮೇಲೆ ಮುನಿಸಾ ನೆರೆಯವಳೊಬ್ಬಳ ಬಾಯಿಂದ ಈ ಮನೆಯ ಹೆಸರು ಅತ್ತೆಯ ಕಿವಿಗೆ ಬೀಳುವಂತೆ ಮಾಡಿದ್ದಳು. ಅಲ್ಲಿಯವರೆಗೆ ಎಲ್ಲ ಸರಿಯಾಗೇ ನಡೆದಿತ್ತು.

ಹುಡುಗಿಯ ತಾಯಿ ಇನೊಬತ್ ಎದೆಗೆ ಕೈಯಿಟ್ಟು ಬಾಗಿ ಬರಮಾಡಿಕೊಂಡಳು. ಅಂಗಳದ ಚಪ್ಪರದ ಕೆಳಗೆ ಅಗಲವಾದ ಜಗುಲಿ, ಅದರ ಮೇಲೆ ಹೊಸ ಕೌದಿಗಳು, ನಡುವೆ ಗಿಡ್ಡ ಮೇಜು. ರೊಟ್ಟಿ, ಕಲ್ಲುಸಕ್ಕರೆ, ಒಣದ್ರಾಕ್ಷಿ, ಅಕ್ರೋಟು. ಹವೆ, ಹತ್ತಿ ಬೆಳೆ, ಯಾರದೋ ಮನೆಯ ಸುನ್ನತಿ, ಹೀಗೆ ಮಾತು ಎಲ್ಲ ಕಡೆ ಸುತ್ತಿತು, ಬಂದ ವಿಷಯ ಒಂದನ್ನು ಬಿಟ್ಟು. ಅದೇ ಅಲ್ಲಿಯ ರೀತಿ.

ಹುಡುಗಿ ಸೋಬಿರಾ ಚಹಾದ ಕೆಟಲಿ ಹಿಡಿದು ಒಳಗಿಂದ ಬಂದಳು. ಮುನಿಸಾ ಮೊದಲು ಕಾಲು ನೋಡಿದಳು. ತಾನು ಹುಟ್ಟಿ ಬೆಳೆದ ಮನೆಯ ಜಗುಲಿಯ ಮೆಟ್ಟಿಲನ್ನು ಹುಡುಗಿ ಕಾಲ್ಬೆರಳಿನಿಂದ ತಡವಿ ಹತ್ತಿದಳು. ಆಮೇಲೆ ಬಾಗಿ ಸಲಾಂ ಮಾಡಿದಳು. ಮಾಡಿದ್ದು ಮೊದಲು ಮುನಿಸಾಳಿಗೆ, ಆಮೇಲೆ ಹೊಸಿಯತ್ ಖೋಲಾಳಿಗೆ! ಹಿರಿಯಳ ಹುಬ್ಬು ಕೂದಲೆಳೆಯಷ್ಟು ಮೇಲೇರಿತು. ಸೋಬಿರಾ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲೋ ಅವರ ಹೆಗಲಾಚೆ ದೃಷ್ಟಿ ನೆಟ್ಟು ಕೂತಳು.

ಹುಡುಗಿ ಚಹಾ ಬಗ್ಗಿಸುವುದನ್ನು ನೋಡುವುದೇ ಇಂಥ ಭೇಟಿಯ ಜೀವಾಳ. ಪಿಯಾಲದ, ಅಂದರೆ ಹಿಡಿಯಿಲ್ಲದ ಚಹಾ ಬಟ್ಟಲಿನ, ತಳದಲ್ಲಿ ಎರಡು ಗುಟುಕು ಬಗ್ಗಿಸಿ ಕೊಡಬೇಕು. ಖಾಲಿಯಾಯಿತೋ, ಮತ್ತೆ ಎರಡು ಗುಟುಕು. ಮತ್ತೆ ಮತ್ತೆ ಬಗ್ಗಿಸಿದಷ್ಟೂ ನೀವು ಇನ್ನಷ್ಟು ಹೊತ್ತು ಕೂತಿರಿ ಎಂಬ ಗೌರವ. ಅಂಚಿನವರೆಗೂ ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದು ಬಾಗಿಲು ತೋರಿಸಿದಂತೆ. ಅಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು.

ಮುನಿಸಾಳ ಪಿಯಾಲಕ್ಕೆ ಎರಡೇ ಗುಟುಕು, ಅಚ್ಚುಕಟ್ಟಾಗಿ ಬಿತ್ತು. ಬಗ್ಗಿಸುವಾಗ ಸೋಬಿರಾ ತಲೆಯನ್ನು ಒಂದಿಷ್ಟು ಓರೆ ಮಾಡಿದ್ದಳು. ನಾಚಿಕೆ ಇರಬೇಕು. ಎರಡನೆಯದು ಹೊಸಿಯತ್ ಖೋಲಾಳ ಪಿಯಾಲ. ಅಷ್ಟರಲ್ಲಿ ಬೀದಿಯಲ್ಲಿ ಮೊಸರಿನವನ ಕಾರು ಬಂದು ಉದ್ದಕ್ಕೆ ಹಾರ್ನ್ ಬಾರಿಸಿ, “ಹಾಲೂ... ಮೊಸರೂ...” ಎಂದು ಅರಚಿತು. ಚಹಾ ಏರಿತು, ಏರಿತು, ಅಂಚಿನವರೆಗೂ ಬಂದು ಸೋಬಿರಾಳ ಬೆರಳನ್ನು ಸುಟ್ಟಿತು. ಅವಳು ಬೆಚ್ಚಿ ಕೆಟಲಿ ಎತ್ತಿದಳು. ಹಾಗೇ ತುಂಬಿದ ಪಿಯಾಲವನ್ನೇ ಎರಡು ಕೈಯಲ್ಲೂ ಹಿಡಿದು ಮುಂದೆ ಚಾಚಿದಳು.

ಇನೊಬತ್‌ಳ ಮುಖ ಸುಣ್ಣದಂತಾಯಿತು. ಹೊಸಿಯತ್ ಖೋಲಾ ಮಾತ್ರ ನಗುತ್ತಲೇ ಪಿಯಾಲ ತೆಗೆದುಕೊಂಡು, ಕುಡಿಯದೆ, ಮೇಜಿನ ಮೇಲಿಟ್ಟಳು.

“ಬಾಳ ಸಂತೋಷ ಆಯ್ತಮ್ಮ,” ಎಂದಳು. “ನಿಮ್ಗೂ ಕೆಲ್ಸ ಇರುತ್ತೆ. ದುವಾ ಮಾಡ್ಬಿಡೋಣ.”

ಅವಳು ಬೀಳ್ಕೊಡುಗೆಯ ಪ್ರಾರ್ಥನೆಗೆ ಎರಡೂ ಅಂಗೈಗಳನ್ನು ಎತ್ತಿದಳು. ಅವು ಮುಖದ ಮೇಲೆ ಇಳಿದರೆ ಮುಗಿಯಿತು. ಆಮೇಲೆ ಯಾರೂ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ, ಈ ಮನೆಗೆ ಇನ್ನೊಮ್ಮೆ ಬರುವಂತೆಯೂ ಇಲ್ಲ. ಅತ್ತೆ ಏನು ಓದಿಕೊಂಡಳು ಎಂಬುದು ಮುನಿಸಾಳಿಗೆ ಅಚ್ಚು ಹಾಕಿದಷ್ಟು ಸ್ಪಷ್ಟವಾಗಿತ್ತು. ಮನಸ್ಸಿಲ್ಲದೆ ಗುಡಿಸಿದ್ದು, ಮುಖ ನೋಡದ ಸಲಾಂ, ಕಿರಿಯಳಿಗೆ ಮೊದಲ ಗೌರವ, ತುಂಬಿದ ಪಿಯಾಲ. ಹುಡುಗಿಗೆ ಬೇರೆ ಯಾರೋ ಇದ್ದಾರೆ, ನಮ್ಮನ್ನು ಓಡಿಸುತ್ತಿದ್ದಾಳೆ.

ಒಂದಕ್ಕೊಂದು ಹೊಂದಿಕೊಂಡಿತ್ತು ನಿಜ. ಆದರೆ ಬೆರಳು? ಬೇಕೆಂದೇ ತುಂಬಿಸುವವಳು ತನ್ನ ಬೆರಳನ್ನು ಸುಟ್ಟುಕೊಳ್ಳುತ್ತಾಳೆಯೇ? ಮುನಿಸಾ ಮೊದಲಿನಿಂದ ಶುರು ಮಾಡಿದಳು. ಕಾಲು: ಮೆಟ್ಟಿಲನ್ನು ತಡವಿತು. ಕೈ: ಮೊದಲ ಪಿಯಾಲವನ್ನು ಸರಿಯಾಗೇ ಬಗ್ಗಿಸಿತು, ಎರಡನೆಯದು ತಪ್ಪಿತು. ನಡುವೆ ಆದದ್ದು ಹಾರ್ನ್ ಒಂದೇ. ಹಾಗಾದರೆ ಆ ಓರೆ ತಲೆ ನಾಚಿಕೆಯಲ್ಲ. ಅವಳು ಚಹಾವನ್ನು ಕಿವಿಯಿಂದ ಅಳೆಯುತ್ತಿದ್ದಳು! ಕಣ್ಣು... ಮುನಿಸಾ ಹುಡುಗಿಯ ಕಣ್ಣುಗಳ ನಡುವೆ ನೋಡಿದಳು. ಮೂಗಿನ ಎರಡೂ ಪಕ್ಕ, ಪೌಡರಿನ ಕೆಳಗೆ, ಕಡಲೆಕಾಳಿನ ಗಾತ್ರದ ಎರಡು ಗುಳಿ.

ಅತ್ತೆಯ ಅಂಗೈಗಳು ಗಲ್ಲದವರೆಗೆ ಬಂದಿದ್ದವು. ಪರರ ಮನೆಯಲ್ಲಿ, ಹಿರಿಯರು ದುವಾಕ್ಕೆ ಕೈಯೆತ್ತಿದಾಗ ಸೊಸೆಯಾದವಳು ಬಾಯಿ ತೆರೆಯುವುದುಂಟೇ? ಮುನಿಸಾ ತೆರೆದಳು.

“ತಂಗಿ, ಒಳಗೆ ಹೋಗಿ ಕನ್ನಡಕ ಹಾಕ್ಕೊಂಡು ಬಾ.”

ಹೊಸಿಯತ್ ಖೋಲಾಳ ಕೈಗಳು ಗಾಳಿಯಲ್ಲೇ ನಿಂತವು.

“ಕನ್ನಡಕಾನಾ? ಯಾವ ಕನ್ನಡಕ?” ಇನೊಬತ್ ತಡವರಿಸಿದಳು. “ನಮ್ಮ ಹುಡುಗಿಗೆ ಎಂಥಾ ಕನ್ನಡಕ ತಾಯಿ...”

“ಅಮ್ಮಾ, ಸಾಕು,” ಎಂದಳು ಸೋಬಿರಾ. ಅವಳ ದನಿ ತೆಳ್ಳಗಿತ್ತು, ಆದರೆ ನಡುಗಲಿಲ್ಲ. “ಎಲ್ಲಿ ಬಚ್ಚಿಟ್ಟಿದೀಯ ಹೇಳು. ಬೆಳಿಗ್ಗೆಯಿಂದ ಕುರುಡು ಕೋಳಿ ಥರ ಓಡಾಡ್ತಿದೀನಿ.”

ತಾಯಿಯ ಕಣ್ಣು ಮಡಿಸಿಟ್ಟ ಕೌದಿಗಳ ರಾಶಿಯತ್ತ ಒಮ್ಮೆ ಹೋಗಿ ಬಂತು. ಅಲ್ಲಿದ್ದ ಇಬ್ಬರಿಗೆ ಅಷ್ಟು ಸಾಕಾಗಿತ್ತು. ಮುನಿಸಾ ಎದ್ದು ಮೂರನೆಯ ಮಡಿಕೆಯಲ್ಲಿ ಕೈಹಾಕಿ, ದಪ್ಪ ಗಾಜಿನ ಕನ್ನಡಕವನ್ನು ತೆಗೆದು ಹುಡುಗಿಯ ಕೈಗಿಟ್ಟಳು. ದಡ್ಡ ಮೈದುನ! ನಗುವಿನ ಬಗ್ಗೆ ಅಷ್ಟೊಂದು ಹೇಳಿದ, ಈ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು?

ಇನೊಬತ್ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. “ಏನ್ ಮಾಡ್ಲಿ ಖೋಲಾ. ಹಿಂದೆ ಬಂದೋರು ಕನ್ನಡಕ ನೋಡಿದ್ದೇ ‘ಮಕ್ಕಳಿಗೂ ಬರುತ್ತೆ’ ಅಂತ ರೊಟ್ಟೀನೂ ಮುಟ್ದೆ ಎದ್ದು ಹೋದ್ರು.”

ಹೊಸಿಯತ್ ಖೋಲಾ ಕೈಗಳನ್ನು ಇಳಿಸಿದಳು. ಮುಖದ ಮೇಲಲ್ಲ, ಮಡಿಲಿಗೆ. ಗಂಡಾಂತರ ಕಳೆಯಿತೆಂದು ಮುನಿಸಾ ಉಸಿರು ಬಿಟ್ಟಳು, ಆದರೆ ತುಸು ಬೇಗನೇ ಬಿಟ್ಟಿದ್ದಳು.

“ಕಣ್ಣು ದೇವರು ಕೊಟ್ಟಿದ್ದು, ಅದಕ್ಕೆ ನನ್ನ ತಕರಾರಿಲ್ಲ,” ಎಂದಳು ಹಿರಿಯಳು. ನಗು ಹೋಗಿತ್ತು. “ಬಚ್ಚಿಟ್ಟಿದ್ದು ಮನುಷ್ಯರು. ಇದನ್ನ ಬಚ್ಚಿಟ್ಟೋರು ಇನ್ನೇನೇನು ಬಚ್ಚಿಟ್ಟಿದೀರೋ, ನಂಗೇನು ಗೊತ್ತು?”

ಇನೊಬತ್ ಬಾಯಿ ತೆರೆದಳು. ಮಗಳು ಅವಳ ಮೊಣಕೈ ಮುಟ್ಟಿ ತಡೆದಳು. ಕನ್ನಡಕದ ಹಿಂದೆ ಸೋಬಿರಾಳ ಕಣ್ಣುಗಳು ದೊಡ್ಡದಾಗಲಿಲ್ಲ, ಚಿಕ್ಕದಾದವು; ಚಿಕ್ಕದಾಗಿ ಚುರುಕಾದವು. ಬೆಳಿಗ್ಗೆಯಿಂದ ಮೊದಲ ಸಲ ಅವಳು ಬಂದವರನ್ನು ನೋಡಿದಳು. ಹೊಸಿಯತ್ ಖೋಲಾಳನ್ನು ಅಡಿಯಿಂದ ಮುಡಿಯವರೆಗೆ, ನಿಧಾನವಾಗಿ, ಕಾಲಿನಿಂದ ಶುರುಮಾಡಿ.

“ನಾನು ಇನ್ನೇನೂ ಬಚ್ಚಿಟ್ಟಿಲ್ಲ ಖೋಲಾ,” ಎಂದಳು. “ಆದ್ರೆ ನೀವು ಎಡಗಾಲು ಬಚ್ಚಿಟ್ಕೊಂಡು ಕೂತಿದೀರ. ಮೊಣಕಾಲು ಊದಿದೆ ಅಲ್ವಾ? ಚಾಚ್ಕೊಳ್ಳಿ, ನಮ್ಮನೇಲಿ ಯಾರೂ ಏನೂ ಅನ್ಕೊಳ್ಳಲ್ಲ.”

ಮುನಿಸಾ ತಿರುಗಿ ನೋಡಿದಳು. ಹೌದಲ್ಲ! ಅತ್ತೆಯ ಭಾರವೆಲ್ಲ ಬಲಗಡೆಗಿತ್ತು. ಎಡಗೈ ನಿಲುವಂಗಿಯ ಮೇಲಿಂದ ಮೊಣಕಾಲನ್ನು ಒತ್ತಿ ಹಿಡಿದಿತ್ತು. ದಿನವೂ ಒಂದೇ ಮನೆಯಲ್ಲಿ ಓಡಾಡಿಕೊಂಡಿದ್ದೂ ತನಗೆ ಕಂಡಿರಲಿಲ್ಲ.

“ನಿಂಗ್ಯಾರೇ ಹೇಳಿದ್ದು?” ಎಂದಳು ಹೊಸಿಯತ್ ಖೋಲಾ.

“ಯಾರೂ ಇಲ್ಲ. ಔಷಧಿ ಅಂಗಡೀಲಿ ದಿನಾ ನಿಂತಿರ್ತೀನಿ. ಬಾಗಿಲಲ್ಲಿ ಬರೋರ ನಡಿಗೆ ನೋಡಿದ್ರೆ ಯಾವ ಮುಲಾಮು ತೆಗೀಬೇಕು ಅಂತ ಗೊತ್ತಾಗುತ್ತೆ.” ಅವಳ ತುಟಿಯ ಕೊನೆ ಸ್ವಲ್ಪ ಅದುರಿತು. “ಕೆಮ್ಮೇ ಇಲ್ದೆ ಕೆಮ್ಮಿನ ಔಷಧಿ ತಗೊಂಡು ಹೋಗೋರೂ ಗೊತ್ತಾಗ್ತಾರೆ. ಬಹ್ರೋಮ್ ಅಂತ ಒಬ್ರಿದಾರೆ. ಪಾಪ, ಎಷ್ಟು ಬಾಟಲಿ ಆಯ್ತೋ.”

ಹೇಳಿ ಅವಳು ನಕ್ಕುಬಿಟ್ಟಳು. ಆ ನಗು ಕೇಳಿದ ಮುನಿಸಾ, ಮೈದುನ ಅಂಥ ದಡ್ಡನೇನಲ್ಲ ಎಂದುಕೊಂಡಳು.

ಹೊಸಿಯತ್ ಖೋಲಾ ಹುಡುಗಿಯ ಮುಖ ನೋಡಿದಳು. ಆಮೇಲೆ ಕತ್ತು ತಿರುಗಿಸಿ ಸೊಸೆಯನ್ನು ನೋಡಿದಳು. ಮುನಿಸಾಳ ಕಿವಿ ಬಿಸಿಯಾಯಿತು.

“ನಿಂಗೆ ಮೊದ್ಲೇ ಗೊತ್ತಿತ್ತು.”

“ಯಾವ್ದು ಅತ್ತೆ? ಮೊಣಕಾಲಾ, ಕೆಮ್ಮಾ?”

“ಮಾತು ನೋಡು ಇವಳದ್ದು! ಕೆಮ್ಮು.”

“ಕೆಮ್ಮು ಗೊತ್ತಿತ್ತು. ಮೊಣಕಾಲು ಗೊತ್ತಿರ್ಲಿಲ್ಲ.”

“ಮತ್ತೆ ಏನ್ ಕಲಿತೆ ಇಷ್ಟು ದಿನ ನನ್ ಹತ್ರ?” ಎಂದು ಗದರಿದಳು ಅತ್ತೆ. ಗದರಿಕೆಯ ಅಡಿಯಲ್ಲಿ ಬೇರೆ ಏನೋ ಇತ್ತು. ಮುನಿಸಾ ಅದನ್ನು ಓದಿಕೊಂಡು ಸುಮ್ಮನೆ ತಲೆ ತಗ್ಗಿಸಿದಳು.

ಇನೊಬತ್ ಅವಸರದಲ್ಲಿ ತುಂಬಿದ ಪಿಯಾಲವನ್ನು ತೆಗೆದು ಚೆಲ್ಲಲು ಕೈ ಚಾಚಿದಳು. ಹೊಸಿಯತ್ ಖೋಲಾ ಅವಳಿಗಿಂತ ಮೊದಲೇ ಅದನ್ನು ಎತ್ತಿಕೊಂಡಳು. ಎಡಗಾಲನ್ನು ಕೌದಿಯ ಮೇಲೆ ಉದ್ದಕ್ಕೆ ಚಾಚಿ, ದಿಂಬಿಗೆ ಒರಗಿ, ಆರಿದ ಚಹಾವನ್ನು ಅಂಚಿನಿಂದ ತಳದವರೆಗೂ ಒಂದೇ ಉಸಿರಿಗೆ ಕುಡಿದಳು. ಆಮೇಲೆ ಖಾಲಿ ಪಿಯಾಲವನ್ನು ಸೋಬಿರಾಳ ಮುಂದೆ ಹಿಡಿದಳು.