ಕೂಸಿನ ಆಸರಿಗೆ

ನನ್ನ ಅತ್ತೆ ಪರಿಮಳಾ ಅವರ ಪ್ರಕಾರ, ಮನೆಗೆ ಬಂದವರಿಗೆ ಆಸರಿಗೆ ಕೇಳದವರು ಮನುಷ್ಯರೇ ಅಲ್ಲ. ಬಂದವನು ಜಗಳಕ್ಕೆ ನಿಂತ ದಾಯಾದಿಯೇ ಇರಲಿ, ಮೊದಲು ಕುಡಿಯಲು ಏನಾದರೂ ಕೊಡಬೇಕು, ಮಿಕ್ಕ ಮಾತು ಆಮೇಲೆ. ಅಂಥವರ ಮೊಮ್ಮಗ ತೊಂಬತ್ತಾರರ ಬೇಸಿಗೆಯಲ್ಲಿ ಹುಟ್ಟಿ, ಮರುದಿನವೇ ಹುಬ್ಬಳ್ಳಿಯಲ್ಲಿ ಕರುಳಿನ ಆಪರೇಷನ್ ಮಾಡಿಸಿಕೊಂಡು ಮಲಗಿದ. ಬಾಯಿಗೆ ಒಂದು ಹನಿಯೂ ಇಲ್ಲ, ಎಲ್ಲ ಡ್ರಿಪ್ಪಿನಲ್ಲೇ.

ಅವನ ಜೊತೆ ನನ್ನ ಗಂಡ ರಘುಪತಿ ಹೋದರು. ಸಿಸೇರಿಯನ್ ಆಗಿದ್ದ ನಾನು ಶಿರಸಿಯ ಆಸ್ಪತ್ರೆಯಲ್ಲೇ ಉಳಿದೆ, ಅತ್ತೆಯ ಜೊತೆ. ಕಷ್ಟ ಯಾರದು ಹೆಚ್ಚು ಎಂದು ಈಗಲೂ ಹೇಳಲಾರೆ.

"ಬಂದವಂಗೆ ಆಸ್ರಿಗೆ ಕೇಳದೇಯ ಹೊಟ್ಟೆ ಕೊಯ್ದ್ವಲೇ," ಎಂದರು ಅತ್ತೆ. "ಅಂವ ಕುಡಿವವರೆಗೆ ಆನೂ ಕಷಾಯ ಕುಡಿತ್ನಿಲ್ಲೆ."

ಊಟ ಬಿಟ್ಟಿದ್ದರೆ ಸಹಿಸಬಹುದಿತ್ತು. ಕಾಫಿಯಂತೆ ಹೊತ್ತುಹೊತ್ತಿಗೆ ಕುಡಿಯುತ್ತಿದ್ದ ಕಷಾಯ ಬಿಟ್ಟ ಅತ್ತೆ ತಲೆನೋವೆಂದು ತಲೆಗೆ ಬಟ್ಟೆ ಬಿಗಿದುಕೊಂಡು, ವಾರ್ಡಿನ ಫ್ಯಾನಿನಿಂದ ಹಿಡಿದು ನನ್ನ ಜಡೆಯವರೆಗೆ ಎಲ್ಲದರಲ್ಲೂ ತಪ್ಪು ಹುಡುಕತೊಡಗಿದರು.

ಕೂಸಿನ ಕರುಳು ಕೆಲಸ ಶುರು ಮಾಡಿದ ಗುರುತು ಸಿಗದೆ ಹಾಲು ಕೊಡುವಂತಿಲ್ಲ ಎಂದಿದ್ದರು ಡಾಕ್ಟರು. ಗುರುತೆಂದರೆ ಹೂಸು. ಅಲ್ಲಿಯವರೆಗೆ ನಾನು ಹಾಲು ಹಿಂಡಿ ಬಾಟಲಿಗೆ ತುಂಬುವುದು, ಅನಾನಸ್ ಹೇರಿಕೊಂಡು ಹುಬ್ಬಳ್ಳಿಗೆ ಹೋಗುವ ಟೆಂಪೋದ ನೂರ್ ಅಹ್ಮದ್ ಅದನ್ನು ಐಸಿನ ಡಬ್ಬಿಯಲ್ಲಿಟ್ಟು ಒಯ್ಯುವುದು, ಅಲ್ಲಿ ಅದು ಫ್ರಿಜ್ಜಿನಲ್ಲಿ ಕೂರುವುದು. ಅತ್ತೆ ನೂರ್ ಅಹ್ಮದನಿಗೂ ತಪ್ಪದೆ ಆಸರಿಗೆ ಕೇಳಿ, ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ ಕೊಟ್ಟು, ಅವನು ಕುಡಿಯುವುದನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು.

ದಿನಾ ಸಂಜೆ ನರ್ಸ್ ಗುರುಶಾಂತವ್ವನ ಮೇಜಿಗೆ ಗಂಡನ ಫೋನು ಬರುತ್ತಿತ್ತು. ಮಹಾ ಸಂಭಾವಿತ, ಆ ಶಬ್ದ ಬಾಯಲ್ಲಿ ಬರಬೇಕಲ್ಲ. "ಅದು ಇನ್ನೂ ಆಜಿಲ್ಲೆ," ಎನ್ನುತ್ತಿದ್ದರು. ನಾನು ಫೋನು ಕುಕ್ಕಿ ಬಂದು ಗೋಡೆ ಕಡೆ ತಿರುಗಿ ಅಳುತ್ತಿದ್ದೆ. ನನ್ನ ಎದೆ ಸೋರುತ್ತಿತ್ತು, ನನ್ನ ಮಗ ಬರಿಬಾಯಲ್ಲಿದ್ದ. ಅವನು ಉಳಿಯುತ್ತಾನೋ ಇಲ್ಲವೋ ಎಂಬ ಹೆದರಿಕೆ ನನಗೆ.

ಕೊನೆಗೊಂದು ದಿನ ಫೋನು ಬೆಳಿಗ್ಗೆಯೇ ಬಂತು. ಗುರುಶಾಂತವ್ವ ಹಾವೇರಿ ಕಡೆಯವಳು, ಮುಚ್ಚುಮರೆ ಗೊತ್ತಿಲ್ಲ. ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು.

"ಅಕ್ಕಾರ, ನಿಮ್ ಕೂಸು ಹೂಸು ಬಿಟ್ಟೈತ್ರಿ. ಹಾಲು ಹಾಕ್ಯಾರಂತ."

ಬಾಣಂತಿಯರೆಲ್ಲ ನಕ್ಕರು. ನಾನೂ ಹೊಲಿಗೆ ಹಿಡಿದುಕೊಂಡು ನಕ್ಕೆ. ಗುರುಶಾಂತವ್ವ ತಾನೇ ಕಷಾಯ ಬಗ್ಗಿಸಿ ಅತ್ತೆಯ ಮುಂದೆ ಹಿಡಿದಳು. ಅತ್ತೆ ಮುಟ್ಟಲಿಲ್ಲ.

"ಅಂವಂಗೆ ಎಷ್ಟು ಕೊಟ್ವಡ?"

"ನಳಿಗ್ಯಾಗ ಎರಡು ಎಂಎಲ್ ರೀ. ಅರ್ಧ ಚಮಚಾನೂ ಆಗಂಗಿಲ್ಲ."

"ಹಂಗಾರೆ ಯಂಗೂ ಅಷ್ಟೇಯ."

ಗುರುಶಾಂತವ್ವ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಷ್ಟೇ ಕಷಾಯ ಅಳೆದು ಅತ್ತೆಯ ಅಂಗೈಗೆ ಬಿಟ್ಟಳು. ಅತ್ತೆ ತೀರ್ಥದಂತೆ ತೆಗೆದುಕೊಂಡರು. ಅಲ್ಲಿಂದ ಮುಂದೆ ಹುಬ್ಬಳ್ಳಿಯಲ್ಲಿ ಹಾಲು ಏರಿದಂತೆ ಶಿರಸಿಯಲ್ಲಿ ಕಷಾಯವೂ ಏರಿತು. ಒಮ್ಮೆ ಕೂಸಿಗೆ ವಾಂತಿಯಾಗಿ ಹಾಲು ಇಳಿಸಿದರು, ಇವರೂ ಇಳಿಸಿದರು.

ನಳಿಗೆ ತೆಗೆಯುವ ಹೊತ್ತಿಗೆ ನಾವಿಬ್ಬರೂ ಅನಾನಸ್ ಜೊತೆ ನೂರ್ ಅಹ್ಮದನ ಟೆಂಪೋದಲ್ಲೇ ಹುಬ್ಬಳ್ಳಿಗೆ ಹೋದೆವು. ಮಗನನ್ನು ಮೊದಲ ಸಲ ಎದೆಗೆ ಹಾಕಿಕೊಂಡೆ. ಬೈಯುವವನಂತೆ ಮುಖ ಕಿವುಚಿ, ಮೂಗು ಉಜ್ಜಿ, ಆಮೇಲೆ ಹಿಡಿದ. ಹೊಟ್ಟೆ ತುಂಬ ಕುಡಿದ. ಎದುರಿಗೆ ಅತ್ತೆ ತುಂಬಿದ ಲೋಟ ಹಿಡಿದು ಕಾಯುತ್ತಿದ್ದರು.

"ಕುಡದ್ನನೇ?"

"ಕುಡದ."

ಲೋಟ ತುಟಿಯವರೆಗೆ ಹೋಗಿತ್ತು. ಅಷ್ಟರಲ್ಲಿ ಕೂಸು ತನ್ನ ಗಾತ್ರಕ್ಕೆ ಮೀರಿದ ಸದ್ದೊಂದನ್ನು ಮಾಡಿತು. ಮನೆಯಲ್ಲಿ ಅಂಥ ಸದ್ದು ಕೇಳಿದರೆ ಮುಖ ಸಿಂಡರಿಸಿ ಎದ್ದುಹೋಗುವ ನಮ್ಮ ಮಡಿಯ ಅತ್ತೆ, ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ ಕೈ ಮುಗಿದರು.