ಹೆಕ್ಟರನ ಕೊನೆಯ ಪೀಪಾಯಿ

ಡೋಲಿನಾ ಕಸುವು ಅಳೆಯುವ ಗಾಜಿನ ಕಡ್ಡಿಯನ್ನು ಒರೆಸಿ ಮತ್ತೊಮ್ಮೆ ಜಾಡಿಗೆ ಇಳಿಬಿಟ್ಟಳು. ಅದು ಮೇಲೆ ಕೆಳಗೆ ತೂಗಾಡಿ ನಿಂತಿತು. ಈ ಸಲವೂ ನಲವತ್ತು ಮುಟ್ಟಲಿಲ್ಲ. ಜಾಡಿಯನ್ನು ಗೋದಾಮಿನ ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದು ನೋಡಿದಳು. ಕನ್ನಡಕ ಒರೆಸಿಕೊಂಡು ನೋಡಿದಳು. ಕಡ್ಡಿಗೇನು, ಅದಕ್ಕೆ ಯಾರ ಮುಲಾಜೂ ಇಲ್ಲ.

ಸಿಂಗಲ್ ಮಾಲ್ಟ್ ಎಷ್ಟೇ ಹಳೆಯದಿರಲಿ, ಎಂಥ ಪಳಗಿದ ಕೈಯಿಂದಲೇ ಇಳಿದಿರಲಿ, ಅದರ ಕಸುವು, ಅಂದರೆ ಆಲ್ಕೋಹಾಲ್, ನೂರಕ್ಕೆ ನಲವತ್ತರ ಕೆಳಗೆ ಹೋಯಿತೆಂದರೆ ಅದು ವಿಸ್ಕಿಯೇ ಅಲ್ಲ. ಕಾಯಿದೆ ಹಾಗಿದೆ. ಸೀಸೆಯ ಮೇಲೆ ಆ ಹೆಸರು ಹಾಕುವಂತಿಲ್ಲ. ಕಡಲಂಚಿನ ಈ ಥಂಡಿ ಗೋದಾಮಿನಲ್ಲಿ ಪೀಪಾಯಿಯ ನೀರು ಉಳಿಯುತ್ತದೆ, ಕಸುವು ಹಾರಿಹೋಗುತ್ತದೆ. ಇದನ್ನು ಡೋಲಿನಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಡೀ ಬದುಕು ಇಲ್ಲಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವಳು. ಹೋದ ವರ್ಷ ಅಳೆದಾಗ ನಲವತ್ತರ ಮೇಲೆ ಕೂದಲೆಳೆಯಷ್ಟಿತ್ತು. ಆಗಲೇ ಬಿರಡೆ ಕಿತ್ತು ಸೀಸೆಗೆ ತುಂಬಿಸಬೇಕಿತ್ತು. ಗೊತ್ತಿದ್ದೂ ತುಂಬಿಸಲಿಲ್ಲ.

ಹೊರಗೆ ಓಬನ್ ಬಂದರಿನಿಂದ ಬರುವ ಫೆರಿ ಕೂಗಿತು. ಅದರಲ್ಲಿ ತಮ್ಮ ಟಾರ್ಕಿಲ್ ಇರುತ್ತಾನೆ. ಪ್ರತಿ ಮೇ ತಿಂಗಳು ಬರುತ್ತಾನೆ, ಒಂದೇ ದಿನದ ಮಟ್ಟಿಗೆ, ಈ ಗೋದಾಮಿಗೆ ಮಾತ್ರ. ಸಂಜೆಯ ಫೆರಿಗೆ ಹೊರಟುಬಿಡುತ್ತಾನೆ.

ಪೀಪಾಯಿ ಅವರಪ್ಪ ಹೆಕ್ಟರ್ ಮ್ಯಾಕ್‌ಫೇಲನದು. ಆರ್ಡನಶೀಲ್ ಭಟ್ಟಿಯಲ್ಲಿ ಬೆಂಕಿ ನೋಡಿಕೊಳ್ಳುವುದು, ಯಾವ ಗಳಿಗೆಯ ಹನಿಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದು ಅವನ ಕೆಲಸ. ಸೀಸೆಗಳ ಮೇಲೆ ಇರುತ್ತಿದ್ದದ್ದು ಮಾಲೀಕರ ಮನೆತನದ ಹೆಸರು, ಜೊತೆಗೊಂದು ಜಿಂಕೆ. ಹೆಕ್ಟರನ ಹೆಸರು ಅವನ ಊಟದ ಡಬ್ಬಿಯ ಮೇಲೆ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಭಟ್ಟಿ ಮುಚ್ಚಿದ ದಿನ ಕೊನೆಗೆ ಇಳಿದದ್ದನ್ನು ಶೆರ್ರಿ ಮದ್ಯ ತುಂಬಿಟ್ಟಿದ್ದ ಒಂದು ಹಳೆಯ ಪೀಪಾಯಿಗೆ ತುಂಬಿಸಿ ಅವನಿಗೇ ಕೊಟ್ಟರು. ಅವನು ಮಕ್ಕಳಿಬ್ಬರನ್ನೂ ಅದರ ಮುಂದೆ ನಿಲ್ಲಿಸಿ, "ಇಬ್ರೂ ಸೈ ಅಂದ ದಿನ ತೆಗೀರಿ. ಒಬ್ರು ಬೇಡ ಅಂದ್ರೂ ಮುಟ್ಟಬೇಡಿ" ಎಂದ. ಆ ಚಳಿಗಾಲದಲ್ಲೇ ತೀರಿಕೊಂಡ.

ಭಟ್ಟಿಯ ಬೆಂಕಿ ಆರಿಸಿದವನು ಮ್ಯಾನೇಜರ್ ನಿನಿಯನ್, ಡೋಲಿನಾಳ ಗಂಡ. ಮೇಲಿನವರ ಹುಕುಂ ಬಂದಿತ್ತು, ಆರಿಸಿದ. ಟಾರ್ಕಿಲ್‌ಗೆ ಆ ಮಾತು ತಲೆಗೇ ಹೋಗಲಿಲ್ಲ. ಬೆಂಕಿ ಆರಿದ್ದಕ್ಕೇ ಅಪ್ಪ ಹೋದ ಎಂದು ಗಟ್ಟಿಯಾಗಿ ನಂಬಿದ. ಅಪ್ಪನನ್ನು ಮಣ್ಣು ಮಾಡಿದ ದಿನ, ಊರವರೆಲ್ಲ ಕೇಳುವ ಹಾಗೆ, ಅಕ್ಕನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದುಬಿಟ್ಟ. ಈಗ ನಿನಿಯನ್ ಸತ್ತೇ ಎಷ್ಟೋ ಕಾಲವಾಯಿತು, ಆ ಮಾತು ಮಾತ್ರ ಸಾಯಲಿಲ್ಲ. ಮ್ಯಾಕ್‌ಫೇಲ್ ಮನೆತನದಲ್ಲಿ ಮೂಗು ಎಷ್ಟು ಚುರುಕೋ ಹಟವೂ ಅಷ್ಟೇ.

ಆದರೆ ಗೋದಾಮು ಅಕ್ಕನ ಮನೆಯಲ್ಲವಲ್ಲ. ಅಲ್ಲಿಗೆ ಬರುತ್ತಿದ್ದ. ಬರುವಾಗ ಯಾವುದಾದರೂ ಹಳೆಯ ಮಾಲ್ಟನ್ನು ಚೀಟಿ ಕಿತ್ತ ಸೀಸೆಯಲ್ಲಿ ತರುತ್ತಿದ್ದ. ಅದನ್ನು ಅಪ್ಪನದರ ಪಕ್ಕದಲ್ಲಿಟ್ಟು ಇಬ್ಬರೂ ಮೂಸುವುದು, ಗುಟುಕರಿಸುವುದು, ಕಚ್ಚಾಡುವುದು. ಕೊನೆಗೆ ಅವನು "ತೆಗೆಯೋಣವಾ?" ಎನ್ನುವನು. ಅವಳು ತುಟಿ ಚಪ್ಪರಿಸಿ, "ಇನ್ನೊಂದು ಚಳಿಗಾಲ ಇರ್ಲಿ" ಎನ್ನುವಳು. ಈ ಕಸುಬಿನವರಲ್ಲಿ ಆ ಮಾತಿಗೆ ಎದುರು ಮಾತಿಲ್ಲ. ಹಾಗಾಗಿ ಮುಂದಿನ ಮೇ ತಿಂಗಳಲ್ಲಿ ಅವನು ಮತ್ತೆ ಬರಲೇಬೇಕಾಗುತ್ತಿತ್ತು. ಡೋಲಿನಾಗೆ ಬೇಕಾಗಿದ್ದದ್ದು ಅಷ್ಟೇ.

ಟಾರ್ಕಿಲ್ ಬಾಗಿಲಲ್ಲಿ ಕಾಣಿಸಿದಾಗ ಅವಳು ಅವನನ್ನೇ ನೋಡುತ್ತ ನಿಂತಳು. ಕೋಟು ಹಳೆಯದೇ, ಒಳಗಿನ ಆಳು ಅರ್ಧವಾಗಿದ್ದ.

"ಏನು ಹಾಗೆ ನೋಡ್ತೀಯಾ? ಭೂತ ಬಂತು ಅನ್ಕೊಂಡ್ಯಾ?"

"ಭೂತ ಆದ್ರೆ ಸ್ವಲ್ಪ ಮೈ ಕೈ ತುಂಬ್ಕೊಂಡಿರುತ್ತೆ ಕಣೋ. ಕೂತ್ಕೋ."

ಅವನು ಮಗುಚಿದ ಬಕೆಟ್ಟಿನ ಮೇಲೆ ಕುಳಿತು ಜೇಬಿನಿಂದ ಸೀಸೆ ತೆಗೆದ. ಅವಳು ಗ್ಲಾಸುಗಳನ್ನು ಪೀಪಾಯಿಯ ಮೇಲೆ ಜೋಡಿಸಿದಳು. ಮೊದಲು ಅವನದು. ತಿಳಿ ಹೊಂಬಣ್ಣ. ಗ್ಲಾಸಿನೊಳಗೆ ಮೂಗಿಟ್ಟು ಡೋಲಿನಾ ಕಣ್ಣು ಮುಚ್ಚಿದಳು.

"ಸ್ಪೇ ಹೊಳೆ ಕಡೇದು. ಬೋರ್ಬನ್ ಪೀಪಾಯಿ. ಪೇರ್ ಹಣ್ಣು, ಜೇನುಮೇಣ. ಮೂವತ್ತು ವರ್ಷ ಆಗಿರ್ಬೇಕು, ಆದ್ರೂ ಇನ್ನೂ ಮದುವೆ ಹುಡುಗಿ ಥರ ಆಡ್ತಿದೆ."

"ಥೂ, ನಿನ್ನ ಮೂಗಿಗೆ ವಯಸ್ಸೇ ಆಗಲ್ವಾ?"

ಅವನು ಅದಕ್ಕೆ ನಾಲ್ಕು ಹನಿ ನೀರು ಬೆರೆಸಿದ. ಪರಿಮಳ ಬಿಚ್ಚಿಕೊಂಡಿತು. ಇಬ್ಬರೂ ಗುಟುಕರಿಸಿದರು. ಚೆನ್ನಾಗಿತ್ತು, ಚೆನ್ನಾಗಿಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಅವಳು ತಾಮ್ರದ ಕೊಳವೆಯಿಂದ ಅಪ್ಪನದನ್ನು ಎತ್ತಿ ಬಗ್ಗಿಸಿದಳು.

ಹಳೆಯ ಮರದ ಬಣ್ಣ. ಮೂಗಿಗೆ ಮೊದಲು ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಅದರ ಹಿಂದೆ ಆರಿದ ಒಲೆಯ ಹೊಗೆ. ಟಾರ್ಕಿಲ್ ಬಹಳ ಹೊತ್ತು ಮೂಸುತ್ತಲೇ ಇದ್ದ.

"ಅಪ್ಪನ ಕೋಟಿನ ವಾಸನೆ. ಭಟ್ಟಿಯಿಂದ ಬಂದು ಬಾಗಿಲ ಹಿಂದೆ ನೇತು ಹಾಕ್ತಿದ್ದನಲ್ಲ, ಅದು."

"ಹೂಂ."

"ನನ್ನದು ಸೋತಿತು ಬಿಡು." ಅವನು ನಕ್ಕ, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಗ್ಲಾಸು ನೋಡುತ್ತಲೇ ಹೇಳಿದ: "ಡಾಲಿ, ಈ ಸಲ ತೆಗೆಯೋಣ. ಚಳಿ ಶುರುವಾಗೋವರೆಗೂ ಇದ್ರೆ ಹೆಚ್ಚು ಅಂದಿದಾರೆ ಡಾಕ್ಟರು. ಪಿತ್ತಕೋಶದಲ್ಲಿ ಕ್ಯಾನ್ಸರ್ ಇತ್ತಂತೆ, ಈಗ ಎಲ್ಲಾ ಕಡೆ ಹೋಗಿದೆ. ನನ್ನ ಮಣ್ಣು ಮಾಡಿದ ಮೇಲೆ ಗುಂಡಿ ಹತ್ರ ಜನಕ್ಕೆ ಕೊಡ್ತಾರಲ್ಲ, ಆ ಗುಟುಕು ಇದೇ ಆಗ್ಲಿ. ಸೀಸೆ ಮೇಲೆ ಚೆಂದಾಗಿ ಚೀಟಿ ಅಂಟಿಸ್ಬೇಕು. ‘ಆರ್ಡನಶೀಲ್ ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿ, ಇಳಿಸಿದವನು ಹೆಕ್ಟರ್ ಮ್ಯಾಕ್‌ಫೇಲ್.’ ಒಂದು ಸಲನಾದ್ರೂ ಅಪ್ಪನ ಹೆಸರು ಅಲ್ಲಿರ್ಲಿ."

ಡೋಲಿನಾ ಗಾಜಿನ ಕಡ್ಡಿಯತ್ತ ನೋಡಿದಳು. ಅವನು ನೀರಿನ ಜಗ್ಗಿಗೆ ಕೈ ಹಾಕಿದ. ಹಾಕಿದವನು ಹಾಗೇ ನಿಲ್ಲಿಸಿ, ಒಂದು ಗುಟುಕು ನಾಲಿಗೆಯ ಮೇಲೆ ಹೊರಳಿಸಿದ.

"ವಿಚಿತ್ರ. ಇದಕ್ಕೆ ನೀರು ಬೇಡ ಅಂತಿದೆ ನಾಲಿಗೆ."

"ಬೇಡ ಕಣೋ," ಎಂದಳು ಅವಳು. "ನೀರು ಅದರಲ್ಲೇ ಇದೆ. ಬೆಳಿಗ್ಗೆ ಅಳೆದೆ. ನಲವತ್ತರ ಕೆಳಗೆ ಹೋಗಿದೆ."

ಟಾರ್ಕಿಲ್ ಗ್ಲಾಸು ಕೆಳಗಿಟ್ಟ. ಭಟ್ಟಿಯವನ ಮಗನಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹೋದ ವರ್ಷ?"

"ಇತ್ತು. ಇನ್ನೇನು ಹೋಗೋ ಹಾಗಿತ್ತು."

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಆದ್ರೂ ಇನ್ನೊಂದು ಚಳಿಗಾಲ ಅಂದೆ." ಅವನ ದನಿ ಏರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. "ನಿನ್ನ ಗಂಡ ಬೆಂಕಿ ಆರಿಸಿದ. ನೀನು ಹೆಸರು ಅಳಿಸಿದೆ. ಒಳ್ಳೇ ಜೋಡಿ ಕಣೇ ನೀವು."

ಆ ಮಾತು ಚುಚ್ಚಿತು. ಇಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ಡೋಲಿನಾಳ ಬಾಯಿಗೆ ಬಂತು.

"ಮತ್ತೇನು ಮಾಡ್ಬೇಕಿತ್ತೋ ನಾನು? ಮನೆಗೆ ಬರಲ್ಲ ಅಂದೆ. ನಿನ್ನ ಮದುವೆಗೆ ಕರೀಲಿಲ್ಲ. ನಿನ್ನ ಹೆಂಡತಿ ಮುಖ ನಾನು ನೋಡಿದ್ದು ಅವಳನ್ನ ಮಣ್ಣು ಮಾಡೋ ದಿನ. ನಂಗೆ ಉಳಿದಿದ್ದು ಈ ಪೀಪಾಯಿ ಒಂದೇ. ಹೇಳು, ಖಾಲಿ ಮಾಡಿದ್ರೆ ಮುಂದಿನ ವರ್ಷ ನೀನು ಬರ್ತಿದ್ಯಾ?"

ಛಾವಣಿಯ ಮೇಲೆ ಕಡಲಹಕ್ಕಿಗಳು ಓಡಾಡುವ ಸದ್ದು ಕೇಳುತ್ತಿತ್ತು. ಟಾರ್ಕಿಲ್ ಸುಳ್ಳು ಹೇಳಬಹುದಿತ್ತು, ಸಾಯುವವನು ಹೇಳುವ ಸುಳ್ಳಿಗೆ ಪಾಪವಿಲ್ಲ. ಆದರೆ ಅವನಿಗೆ ಆ ಅಭ್ಯಾಸವಿರಲಿಲ್ಲ.

"ಇಲ್ಲ," ಎಂದ. "ಬರ್ತಿರ್ಲಿಲ್ಲ."

ಅವಳು ಅಳಲಿಲ್ಲ. ಕೊಳವೆಯನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅವನು ತನ್ನ ಗ್ಲಾಸನ್ನು ಎತ್ತಿಕೊಂಡು, ಒಂದು ಹನಿಯೂ ಉಳಿಯದ ಹಾಗೆ ಕುಡಿದ. ಗ್ಲಾಸನ್ನು ಅವಳತ್ತ ನೂಕಿದ.

"ಇನ್ನೊಂದು ಸ್ವಲ್ಪ ಹಾಕು."

"ಅದು ವಿಸ್ಕಿ ಅಲ್ಲ ಕಣೋ."

"ನಾಲಿಗೆಗೆ ಕಾಯಿದೆ ಗೊತ್ತಿಲ್ಲ. ಹಾಕು. ಗುಂಡಿ ಹತ್ರ ಇದನ್ನೇ ಕೊಡು, ಬೋಳು ಸೀಸೆಯಲ್ಲೇ. ಯಾರಾದ್ರೂ ಯಾವುದು ಅಂತ ಕೇಳಿದ್ರೆ ಅಪ್ಪನ ಹೆಸರು ಬಾಯಲ್ಲಿ ಹೇಳು."

"ಹೇಳ್ತೀನಿ."

ಸಂಜೆಯ ಫೆರಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ದಕ್ಕೆಯ ದಾರಿ ಹಿಡಿದರು. ಅವನು ನಿಂತು ನಿಂತು ನಡೆಯುತ್ತಿದ್ದ. ಡೋಲಿನಾಳ ಮನೆ ಆ ದಾರಿಯಲ್ಲೇ ಇತ್ತು. ಎಂದಿನಂತೆ ಮುಖ ತಿರುಗಿಸಿ ದಾಟಿಹೋಗುತ್ತಾನೆ ಎಂದುಕೊಂಡಳು. ಅವನು ಗೇಟಿನ ಪಕ್ಕದ ಗಿಡ್ಡ ಕಲ್ಲುಗೋಡೆಯ ಮೇಲೆ ಕುಳಿತುಬಿಟ್ಟ.

"ಕಾಲು ಸೋತಿತು. ಟೀ ಇದೆಯಾ?"

ಅವಳು ಒಳಗೆ ಓಡಿದಳು. ಆ ವಯಸ್ಸಿನಲ್ಲಿ ಅದನ್ನು ಓಟವೆನ್ನಬಹುದಾದರೆ. ಅಗ್ಗಿಷ್ಟಿಕೆಗೆ ಬೆಂಕಿ ಹಾಕಿದಳು, ಕೆಟಲ್ ಇಟ್ಟಳು. ಒಳ್ಳೆಯ ಕಪ್ಪುಗಳನ್ನೇ ತೆಗೆದಳು, ಓಟ್ ಬಿಸ್ಕತ್ತಿಗೆ ಬೆಣ್ಣೆ ಸವರಿದಳು. ನೀರು ಕಾಯುವುದಕ್ಕೆ ಯಾಕಿಷ್ಟು ಹೊತ್ತು ಎಂದು ಒಲೆಗೇ ಬೈದಳು. ತಟ್ಟೆ ಹಿಡಿದು ಹೊರಗೆ ಬಂದಾಗ ಅವನು ಅಲ್ಲೇ ಇದ್ದ. ಗಾಳಿ ಜೋರಾಗಿತ್ತು, ಅವನ ಕೈ ಬೆರಳು ನೀಲಿಗಟ್ಟಿತ್ತು.

"ಟಾರ್ಕಿಲ್, ಒಳಗೆ ಬಾರೋ. ಬೆಂಕಿ ಹಾಕಿದೀನಿ. ಚಳಿ ಕಣೋ."

ಅವನು ಟೀ ಕಪ್ಪಿಗೆ ಎರಡೂ ಕೈ ಸುತ್ತಿದ. ಬಾಗಿಲನ್ನು ನೋಡಿದ, ಹೊಸ್ತಿಲನ್ನು ನೋಡಿದ. ಕಣ್ಣು ತುಂಬಿತ್ತು, ತುಟಿಯ ಮೇಲೆ ಮಾತ್ರ ಚಿಕ್ಕಂದಿನ ತುಂಟತನ ಇತ್ತು.

"ಇನ್ನೊಂದು ಚಳಿಗಾಲ ಇರ್ಲಿ, ಡಾಲಿ."

ಆ ಮಾತಿಗೆ ಎದುರು ಮಾತಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಡೋಲಿನಾ ತನ್ನ ಕಪ್ಪನ್ನೂ ಹೊರಗೆ ತಂದು ಗೋಡೆಯ ಮೇಲೆ ಅವನ ಪಕ್ಕದಲ್ಲಿ ಕುಳಿತಳು. ಫೆರಿ ಬರುವವರೆಗೆ ಇಬ್ಬರೂ ಅಲ್ಲೇ ಗಾಳಿಗೆ ಮೈಯೊಡ್ಡಿ ಕುಳಿತಿದ್ದರು. ಒಳಗೆ ಹಾಕಿದ್ದ ಬೆಂಕಿ ಯಾರೂ ನೋಡಿಕೊಳ್ಳದೆ ಆರಿಹೋಯಿತು.